‘ಹಾರ್ಡ್’ ಅನ್ನೋ ಒಂದೇ ಪದಕ್ಕೆ ಎಷ್ಟು ಅರ್ಥ? ಎಲ್ಲಿ ಯಾವುದು?

ಬಿಳಿಹಾಳೆ:
ಎಲ್ಲರಿಗೂ ನಮಸ್ಕಾರ. ಎಂಟರಿಂದ ಹತ್ತನೇ ತರಗತಿಯ ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ವಿಶೇಷಣಗಳ ಪುಟ್ಟ ಕೈಪಿಡಿ ಸಿದ್ಧವಾಗ್ತಿದೆ. ಬಿಗ್, ಸ್ಮಾಲ್, ಹಾಟ್, ಕೋಲ್ಡ್ ಎಲ್ಲ ಸಲೀಸಾಗಿ ಮುಗಿದವು. ‘ಹಾರ್ಡ್’ ಮಾತ್ರ ಒಂದು ಪುಟಕ್ಕೆ ಹಿಡಿಸ್ತಿಲ್ಲ. ನಿಘಂಟುಗಳು ಗಟ್ಟಿ, ಗಡಸು, ಕಠಿಣ, ಕಷ್ಟ, ಕಠೋರ ಅಂತ ಸಾಲಾಗಿ ಕೊಡ್ತವೆ, ಯಾವುದು ಎಲ್ಲಿ ಅನ್ನೋದನ್ನ ಹೇಳಲ್ಲ. ಮಗು ವಿಜ್ಞಾನದ ಪುಸ್ತಕ ತೆಗೆದ್ರೆ ಹಾರ್ಡ್ ವಾಟರ್, ಕಂಪ್ಯೂಟರ್ ಪಾಠದಲ್ಲಿ ಹಾರ್ಡ್ ಡಿಸ್ಕ್, ವ್ಯಾಕರಣದಲ್ಲಿ ಹಾರ್ಡ್ಲಿ. ಇವೆಲ್ಲಕ್ಕೂ ಒಂದು ಸೂತ್ರ ಇದೆಯಾ? ಮಕ್ಕಳು ಎಲ್ಲಿ ಎಡವ್ತಾರೆ? ಆಯಾ ಕಸುಬಿನವರು ಈ ಪದವನ್ನ ಯಾವ ಅರ್ಥದಲ್ಲಿ ಬಳಸ್ತಾರೆ? ಗೊತ್ತಿರೋರು ಬಿಡಿಸಿ ಹೇಳಿ.

ಕೊನೇಬೆಂಚು:
‘ಗಟ್ಟಿ’ ಅಂತ ಬರೆದ್ರೆ ಸಾಕಲ್ವಾ? ಮಕ್ಕಳಿಗೆ ಯಾಕಿಷ್ಟು ಗೋಜಲು?

ಪದಜಾಡು:
ಸಾಕಾಗಲ್ಲ. ನಮ್ಮ ‘ಗಟ್ಟಿ’ ಬೇರೆ ದಾರಿಯಲ್ಲಿ ಹೋಗುತ್ತೆ. ಗಟ್ಟಿ ಮೊಸರು ಅಂದ್ರೆ ಥಿಕ್, ಹಾರ್ಡ್ ಅಲ್ಲ. ಗಟ್ಟಿಯಾಗಿ ಓದು ಅಂದ್ರೆ ಲೌಡ್. ಗಟ್ಟಿ ಮನಸ್ಸಿನವಳು ಅಂದ್ರೆ ಎದೆಗುಂದದವಳು, ಅದು ಹೊಗಳಿಕೆ. ಇಂಗ್ಲಿಷಿನ ಹಾರ್ಡ್ ಹಾರ್ಟೆಡ್ ಅಂದ್ರೆ ಕಲ್ಲೆದೆಯವಳು, ಅದು ಬೈಗುಳ. ‘ಗಟ್ಟಿ’ ಅಂತ ಕಲಿತ ಮಗು ಇಲ್ಲಿ ಪೂರ್ತಿ ಉಲ್ಟಾ ಅರ್ಥ ಮಾಡ್ಕೊಳ್ಳುತ್ತೆ.

ಸೂತ್ರ ಬೇಕು ಅಂದ್ರಲ್ಲ, ಕೊಡಬಹುದಾದದ್ದು ಇದೊಂದೇ: ಅರ್ಥ ಹುಡುಕೋ ಮೊದಲು ಎದುರಿನ ಪದ ಯಾವುದು ಅಂತ ಹುಡುಕಿಸಿ. ಹಾರ್ಡ್ ಕ್ವೆಶ್ಚನ್ ಎದುರು ಈಸಿ. ಹಾರ್ಡ್ ಪಿಲ್ಲೋ ಎದುರು ಸಾಫ್ಟ್. ಹಾರ್ಡ್ ಡಿಸ್ಕ್ ಎದುರು ಫ್ಲಾಪಿ. ಹಾರ್ಡ್ ವಿಂಟರ್ ಎದುರು ಮೈಲ್ಡ್. ಎದುರಿನ ಪದ ಸಿಕ್ಕಿದ್ರೆ ಕನ್ನಡದಲ್ಲಿ ಏನು ಹೇಳಬೇಕು ಅನ್ನೋದು ತಾನಾಗೇ ಹೊಳೆಯುತ್ತೆ.

ವಾಕ್ಯಶೋಧ:
ಮಕ್ಕಳು ಎಡವೋ ಜಾಗ ಕೇಳಿದ್ರಿ. ಮುಖ್ಯವಾಗಿ ಮೂರು.

ಒಂದು, ಹಾರ್ಡ್ ಮತ್ತು ಹಾರ್ಡ್ಲಿ. ಸ್ಲೋ-ಸ್ಲೋಲಿ, ಕ್ವಿಕ್-ಕ್ವಿಕ್ಲಿ ಕಲಿತ ಮಗು ಹಾರ್ಡ್-ಹಾರ್ಡ್ಲಿ ಅಂತ ಮುಂದುವರಿಸುತ್ತೆ. ಆದ್ರೆ ಹಾರ್ಡ್ ತಾನೇ ವಿಶೇಷಣ, ತಾನೇ ಕ್ರಿಯಾವಿಶೇಷಣ. ‘ಶಿ ವರ್ಕ್ಸ್ ಹಾರ್ಡ್’ ಅಂದ್ರೆ ದುಡೀತಾಳೆ. ‘ಶಿ ಹಾರ್ಡ್ಲಿ ವರ್ಕ್ಸ್’ ಅಂದ್ರೆ ಕೆಲಸ ಮಾಡೋದೇ ಇಲ್ಲ ಅನ್ನೋ ಹಾಗೆ. ಜಾಗವೂ ಬೇರೆ: ಹಾರ್ಡ್ ಕ್ರಿಯಾಪದದ ನಂತರ, ಹಾರ್ಡ್ಲಿ ಕ್ರಿಯಾಪದದ ಮುಂಚೆ. ಹಾರ್ಡ್ಲಿ ಒಳಗೇ ‘ಇಲ್ಲ’ ಇರೋದ್ರಿಂದ ಅದರ ಜೊತೆ ನಾಟ್ ಸೇರಿಸಬಾರದು. ‘ಐ ಕಾಂಟ್ ಹಾರ್ಡ್ಲಿ ಹಿಯರ್’ ತಪ್ಪು, ‘ಐ ಕ್ಯಾನ್ ಹಾರ್ಡ್ಲಿ ಹಿಯರ್’ ಸರಿ. ಪರೀಕ್ಷೆಯಲ್ಲಿ ಬರೋ ‘ಹಾರ್ಡ್ಲಿ ಹ್ಯಾಡ್ ಹಿ ಸ್ಟಾರ್ಟೆಡ್’ ವಾಕ್ಯಕ್ಕೆ ‘ವೆನ್’ ಹಾಕಬೇಕು. ‘ದ್ಯಾನ್’ ಬರೋದು ‘ನೋ ಸೂನರ್’ ಜೊತೆ.

ಎರಡು, ‘ಐ ವಿಲ್ ಡೂ ಹಾರ್ಡ್ ವರ್ಕ್’. ನಾವು ‘ಕಷ್ಟಪಟ್ಟು ಕೆಲಸ ಮಾಡ್ತೀನಿ’ ಅನ್ನೋದ್ರ ನೆರಳು ಇದು. ಓದಿನ ಬಗ್ಗೆ ಆದ್ರೆ ‘ಐ ವಿಲ್ ವರ್ಕ್ ಹಾರ್ಡ್’ ಅಥವಾ ‘ಸ್ಟಡಿ ಹಾರ್ಡ್’ ಅನ್ನಬೇಕು.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ‘ಅವನಿಗೆ ಬರೋದು ಕಷ್ಟ’ ಅನ್ನೋದನ್ನ ‘ಹಿ ಈಸ್ ಹಾರ್ಡ್ ಟು ಕಮ್’ ಅಂತ ಬರೀತಾರೆ. ಆಗಲ್ಲ. ಆ ಕೆಲಸ ಯಾರ ಅಥವಾ ಯಾವುದರ ಮೇಲೆ ನಡೆಯುತ್ತೋ ಅದು ಮಾತ್ರ ಹಾರ್ಡ್ ಮುಂದೆ ಕೂರಬಹುದು. ‘ದಿಸ್ ಸಮ್ ಈಸ್ ಹಾರ್ಡ್ ಟು ಸಾಲ್ವ್’ ಸರಿ, ಯಾಕಂದ್ರೆ ಬಿಡಿಸೋದು ಆ ಲೆಕ್ಕವನ್ನ. ‘ಹಿ ಈಸ್ ಹಾರ್ಡ್ ಟು ಪ್ಲೀಸ್’ ಸರಿ, ಮೆಚ್ಚಿಸೋದು ಅವನನ್ನ. ಬರೋನು ಅವನೇ ಆದ್ರೆ ‘ಇಟ್ ಈಸ್ ಹಾರ್ಡ್ ಫಾರ್ ಹಿಮ್ ಟು ಕಮ್’. ಇನ್ನೊಂದು ಗಮನಿಸಿ: ‘ಹಾರ್ಡ್ ಟು ಸಾಲ್ವ್ ಇಟ್’ ಅಂತ ಕೊನೆಗೆ ಇಟ್ ಸೇರಿಸಬಾರದು, ಆ ಇಟ್ ಆಗಲೇ ‘ದಿಸ್ ಸಮ್’ ಆಗಿ ಮುಂದೆ ಬಂದು ಕೂತಿದೆ.

ಕೊನೇಬೆಂಚು:
ಡಿಫಿಕಲ್ಟ್ ಅಂತ ಹಾಕಿದ್ರೆ ಈ ತೊಂದರೆನೇ ಇಲ್ಲ ಬಿಡಿ.

ವಾಕ್ಯಶೋಧ:
ಇದೆ. ‘ಹಿ ಈಸ್ ಡಿಫಿಕಲ್ಟ್ ಟು ಕಮ್’ ಕೂಡ ಅಷ್ಟೇ ತಪ್ಪು. ಹಾಗೇ ಎರಡೂ ಒಂದೇ ಅಲ್ಲ: ಡಿಫಿಕಲ್ಟ್ ಪರ್ಸನ್ ಅಂದ್ರೆ ಜೊತೆ ಏಗೋಕೆ ಕಷ್ಟ ಇರೋನು, ಹಾರ್ಡ್ ಪರ್ಸನ್ ಅಂದ್ರೆ ಕನಿಕರ ಇಲ್ಲದೋನು.

ಬೋರ್‌ವೆಲ್‌ನೀರು:
ನೀರಿನ ವಿಷಯ ನಾನು ಹೇಳ್ತೀನಿ, ಇದರಲ್ಲಿ ದೊಡ್ಡೋರಿಗೂ ಗೊಂದಲ ಇದೆ. ಹಾರ್ಡ್ ವಾಟರ್ ಅಂದ್ರೆ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಕರಗಿರೋ ನೀರು, ಅಷ್ಟೇ. ಸೋಪು ಹಾಕಿದಾಗ ಇವೆರಡು ಸೋಪಿನ ಜೊತೆ ಸೇರಿ ಕರಗದ ಬಿಳಿ ಗಸಿ ಆಗುತ್ತೆ, ನೊರೆ ಬರಲ್ಲ. ಅಳತೆ ಹೇಳೋದು ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ. ಐಎಸ್ 10500 ಅನ್ನೋ ಭಾರತೀಯ ಮಾನಕದ ಪ್ರಕಾರ ಕುಡಿಯೋ ನೀರಲ್ಲಿ ಲೀಟರಿಗೆ 200 ಮಿಲಿಗ್ರಾಂ ತನಕ ಸರಿ. ಬೇರೆ ಮೂಲ ಇಲ್ಲದಿದ್ರೆ 600 ತನಕ ಒಪ್ಪಬಹುದು.

ಇದರಲ್ಲಿ ಎರಡು ಬಗೆ. ಬೈಕಾರ್ಬೊನೇಟಿಂದ ಬಂದದ್ದು ತಾತ್ಕಾಲಿಕ ಗಡಸು. ಕುದಿಸಿದ್ರೆ ಬಿಳಿ ಪುಡಿಯಾಗಿ ತಳಕ್ಕೆ ಕೂರುತ್ತೆ. ಗೀಸರ್ ಕಾಯಿಲ್ ಮೇಲೆ ಕಟ್ಟೋ ಬಿಳಿ ಪದರ ಅದೇ. ಸಲ್ಫೇಟ್, ಕ್ಲೋರೈಡಿಂದ ಬಂದದ್ದು ಶಾಶ್ವತ ಗಡಸು, ಕುದಿಸಿದ್ರೂ ಹೋಗಲ್ಲ.

ಶಾಲೆಯಲ್ಲಿ ಮಾಡಿಸೋದಾದ್ರೆ: ಒಂದೇ ಅಳತೆಯ ಎರಡು ಬಾಟಲಿ, ಒಂದರಲ್ಲಿ ಮಳೆನೀರು, ಇನ್ನೊಂದರಲ್ಲಿ ಬೋರ್ ನೀರು, ತಲಾ 100 ಮಿಲಿ. ಸೋಪು ತುರಿದು ಕರಗಿಸಿದ ನೀರನ್ನ ಐದೈದು ಹನಿ ಹಾಕಿ ಕುಲುಕಿಸ್ತಾ ಹೋಗಿ. ನಿಲ್ಲೋ ನೊರೆ ಬರೋಕೆ ಎಷ್ಟು ಹನಿ ಹಿಡೀತು ಅಂತ ಎಣಿಸಿ. ಡಿಟರ್ಜೆಂಟ್ ಪುಡಿ ಬಳಸಬೇಡಿ, ಅದು ಗಡಸು ನೀರಲ್ಲೂ ನೊರೆ ಕೊಡುತ್ತೆ, ಪ್ರಯೋಗವೇ ಕೆಡುತ್ತೆ.

ಕಡಲತಡಿ:
ಟಿಡಿಎಸ್ ಮೀಟರ್ ಅದ್ದಿದ್ರೆ ಆಯ್ತಲ್ಲ ಮಾರಾಯ್ರೆ, ಇಷ್ಟೆಲ್ಲ ಎಂತಕ್ಕೆ?

ಬೋರ್‌ವೆಲ್‌ನೀರು:
ಅದೇ ಗೊಂದಲ ನೋಡಿ. ಟಿಡಿಎಸ್ ಮೀಟರ್ ಎಲ್ಲ ಉಪ್ಪನ್ನೂ ಒಟ್ಟಿಗೆ ಅಳೆಯುತ್ತೆ. ನಿಮ್ಮ ಕರಾವಳಿಯ ಬಾವಿಗೆ ಸಮುದ್ರದ ಉಪ್ಪು ನುಗ್ಗಿದ್ರೆ ಟಿಡಿಎಸ್ ಏರುತ್ತೆ, ಆದ್ರೆ ಅದರಲ್ಲಿ ಬಹುಪಾಲು ಸೋಡಿಯಂ. ಅಷ್ಟು ಅಂಕಿಯೂ ಗಡಸುತನ ಅಲ್ಲ. ಉಲ್ಟಾನೂ ಉಂಟು. ಗಡಸುತನ ತೆಗೆಯೋಕೆ ಸಾಫ್ಟ್‌ನರ್ ಹಾಕಿಸಿ ‘ಟಿಡಿಎಸ್ ಇಳೀಲಿಲ್ಲ, ಮೋಸ’ ಅಂತ ಜಗಳ ಮಾಡ್ತಾರೆ. ಇಳಿಯಲ್ಲ. ಒಳಗಿರೋ ರೆಸಿನ್ ಅನ್ನೋ ಸಣ್ಣ ಮಣಿಗಳು ಕ್ಯಾಲ್ಸಿಯಂ ಹಿಡ್ಕೊಂಡು ಸೋಡಿಯಂ ಬಿಡ್ತವೆ. ಲೀಟರಿಗೆ 100 ಮಿಲಿಗ್ರಾಂ ಗಡಸುತನ ತೆಗೆದ್ರೆ 46 ಮಿಲಿಗ್ರಾಂ ಸೋಡಿಯಂ ನೀರಿಗೆ ಸೇರುತ್ತೆ. ರೆಸಿನ್ ತುಂಬಿದ ಮೇಲೆ ಶೇಕಡಾ 10ರ ಸುಮಾರಿನ ಉಪ್ಪುನೀರು ಹಾಯಿಸಿ ತೊಳೀಬೇಕು. ಅದನ್ನ ಮರೆತ್ರೆ ನೀರು ಮತ್ತೆ ಹಾರ್ಡ್. ಗಡಸುತನವನ್ನೇ ಅಳೀಬೇಕು ಅಂದ್ರೆ ಇಡಿಟಿಎ ಅನ್ನೋ ರಾಸಾಯನಿಕದ ಹನಿ ಪರೀಕ್ಷೆಯ ಕಿಟ್: ಕೆಂಪು ವೈನಿನ ಬಣ್ಣ ನೀಲಿಗೆ ತಿರುಗೋ ತನಕ ಹನಿ ಎಣಿಸೋದು.

ಕೊನೇಬೆಂಚು:
ಹೆವಿ ವಾಟರ್ ಅಂದ್ರೂ ಇದೇನಾ?

ಬೋರ್‌ವೆಲ್‌ನೀರು:
ಅಲ್ಲ. ಅದು ಡ್ಯೂಟೀರಿಯಂ ಇರೋ ನೀರು, ಭಾರಜಲ, ಅಣು ರಿಯಾಕ್ಟರಿಗೆ ಬಳಸೋದು. ಇದು ಗಡಸು ನೀರು. ಕೈಪಿಡಿಯಲ್ಲಿ ಎರಡನ್ನೂ ಅಕ್ಕಪಕ್ಕ ಹಾಕಿ ಬೇರೆ ಅಂತ ತೋರಿಸಿ, ಮಕ್ಕಳು ಖಂಡಿತ ಬೆರೆಸ್ತಾರೆ.

ಎರೆಹೊಲ:
ಅಲ್ರೀ, ‘ಈ ನೀರಾಗ ಬ್ಯಾಳಿ ಬೇಯಂಗಿಲ್ಲ’ ಅಂತಾರಲ್ಲ, ಅದೂ ಇದ ಏನ್ರಿ?

ಬೋರ್‌ವೆಲ್‌ನೀರು:
ಹೌದು. ಕಾಳಿನ ಜೀವಕೋಶಗಳನ್ನ ಅಂಟಿಸಿರೋದು ಪೆಕ್ಟಿನ್. ಕ್ಯಾಲ್ಸಿಯಂ ಅದನ್ನ ಇನ್ನೂ ಬಿಗಿ ಮಾಡುತ್ತೆ, ಹಾಗಾಗಿ ಮೆತ್ತಗಾಗಲ್ಲ. ಮಳೆನೀರು ಅಥವಾ ಆರ್‌ಓ ನೀರಲ್ಲಿ ಬೇಯಿಸಿದ್ರೆ ಬೇಗ ಬೇಯುತ್ತೆ. ಹುಣಸೆಹುಳಿ ಬೆಂದ ಮೇಲೇ ಹಾಕಬೇಕು, ಹುಳಿಯೂ ಬೇಯೋದನ್ನ ತಡೆಯುತ್ತೆ. ಅಡುಗೆ ಸೋಡಾ ಒಂದು ಚಿಟಿಕೆ ಹಾಕಿದ್ರೆ ಬೇಯುತ್ತೆ ನಿಜ, ಆದ್ರೆ ಬಿ1 ವಿಟಮಿನ್ ಹಾಳಾಗುತ್ತೆ.

ಚೇಗು:
ಮರದ ಮಾತಿಗೆ ಬರೋಣ. ಹಾರ್ಡ್‌ವುಡ್ ಅಂದ್ರೆ ಗಟ್ಟಿ ಮರ ಅಂತ ಬರೆದ್ರೆ ತಪ್ಪು. ಅದು ಸಸ್ಯಶಾಸ್ತ್ರದ ವಿಂಗಡಣೆ: ಹೂ ಬಿಟ್ಟು ಕಾಯಿಯೊಳಗೆ ಬೀಜ ಇಡೋ, ಅಗಲ ಎಲೆಯ ಮರಗಳು ಹಾರ್ಡ್‌ವುಡ್, ಪೈನ್, ದೇವದಾರು ಥರ ಸೂಜಿ ಎಲೆಯ, ಕೋನ್ ಬಿಡೋ ಮರಗಳು ಸಾಫ್ಟ್‌ವುಡ್. ತೇಗ, ಬೀಟೆ, ಹೊನ್ನೆ, ಮತ್ತಿ ಎಲ್ಲ ಹಾರ್ಡ್‌ವುಡ್, ಸರಿ. ಆದ್ರೆ ಬೆಂಕಿಕಡ್ಡಿಗೆ ಹೋಗೋ ಬೂರುಗವೂ ಹಾರ್ಡ್‌ವುಡ್ಡೇ. ಆಟದ ವಿಮಾನ ಮಾಡೋ ಬಾಲ್ಸಾ ಮರದ ಒಂದು ಘನ ಮೀಟರ್ ತೂಕ ಸುಮಾರು 160 ಕಿಲೋ, ತೇಗದ್ದು 650ರ ಹತ್ತಿರ. ಎರಡೂ ಹಾರ್ಡ್‌ವುಡ್. ಉಗುರಲ್ಲಿ ಒತ್ತಿದ್ರೆ ಬಾಲ್ಸಾ ತಗ್ಗಾಗುತ್ತೆ.

ಮರ ನಿಜವಾಗಿ ಎಷ್ಟು ಗಟ್ಟಿ ಅನ್ನೋದಕ್ಕೆ ಯಾಂಕಾ ಪರೀಕ್ಷೆ ಇದೆ. 11.28 ಮಿಲಿಮೀಟರ್ ವ್ಯಾಸದ ಉಕ್ಕಿನ ಗುಂಡನ್ನ ಅರ್ಧ ಮುಳುಗೋ ತನಕ ಮರದೊಳಗೆ ಒತ್ತೋದು, ಎಷ್ಟು ಬಲ ಬೇಕಾಯ್ತು ಅನ್ನೋದೇ ಅಂಕಿ. ನೆಲಕ್ಕೆ ಮರ ಹಾಕಿಸೋರು ನೋಡಬೇಕಾದ್ದು ಈ ಅಂಕಿ, ಹಾರ್ಡ್‌ವುಡ್ ಅನ್ನೋ ಹೆಸರಲ್ಲ.

ಕಡಲತಡಿ:
ನಮ್ಮಲ್ಲಿ ರಬ್ಬರ್ ಮರವನ್ನು ಸಾಫ್ಟ್ ಮರ ಅಂತಲೇ ಮಾರ್ತಾರೆ, ಬೇಗ ಹುಳ ಹಿಡಿಯುತ್ತದೆ ಅಂತ.

ಚೇಗು:
ರಬ್ಬರ್ ಮರವೂ ಹಾರ್ಡ್‌ವುಡ್. ಹುಳ ಹಿಡಿಯೋದು ಬೇರೆ ಸಂಗತಿ: ಅದರಲ್ಲಿ ಪಿಷ್ಟ, ಸಕ್ಕರೆ ಜಾಸ್ತಿ. ಕಡಿದ ಕೂಡಲೇ ಕೊಯ್ದು ಬೋರಾನ್ ಉಪ್ಪಿನ ದ್ರಾವಣ ಒಳಗಿಳಿಸಿ ಒಣಗಿಸಿದ್ರೆ ಪೀಠೋಪಕರಣಕ್ಕೆ ಚೆನ್ನಾಗೇ ಬರುತ್ತೆ. ಗಟ್ಟಿತನ ಬೇರೆ, ಬಾಳಿಕೆ ಬೇರೆ.

ಇನ್ನೊಂದು ಮುಖ್ಯ. ಹಾರ್ಡ್‌ವುಡ್ ಮತ್ತು ಹಾರ್ಟ್‌ವುಡ್ ನಮ್ಮ ಬಾಯಲ್ಲಿ ಒಂದೇ ಥರ ಕೇಳಿಸುತ್ತೆ. ಹಾರ್ಟ್‌ವುಡ್ ಅಂದ್ರೆ ಚೇಗು, ಕಾಂಡದ ನಡುವಿನ ಬಣ್ಣದ ಭಾಗ. ಸುತ್ತಲಿನ ಬಿಳಿಚು ಭಾಗ ಸ್ಯಾಪ್‌ವುಡ್, ತೇಗದಲ್ಲೂ ಹುಳ ಮೊದಲು ತಿನ್ನೋದು ಅದನ್ನೇ. ಬಾಗಿಲಿಗೆ ತೇಗ ಕೊಳ್ಳುವಾಗ ಕೇಳಬೇಕಾದ್ದು ‘ಚೇಗು ಎಷ್ಟಿದೆ, ಬಿಳಿ ಎಷ್ಟಿದೆ’ ಅಂತ. ಎಷ್ಟೋ ಬಿಲ್ಲಲ್ಲಿ ಹಾರ್ಟ್ ಇರಬೇಕಾದ ಕಡೆ ಹಾರ್ಡ್ ಅಂತ ಇರುತ್ತೆ. ತೇಗ ಹೇಗಿದ್ರೂ ಹಾರ್ಡ್‌ವುಡ್ಡೇ ಆದ್ದರಿಂದ ಆ ಮಾತಿಗೆ ಬೆಲೆನೇ ಇಲ್ಲ.

ವಾಕ್ಯಶೋಧ:
ಉಚ್ಚಾರದಲ್ಲೂ ಹಿಡೀಬಹುದು. ಇಂಗ್ಲಿಷಿನಲ್ಲಿ ಕೊನೆಗೆ ಡ ಬಂದ್ರೆ ಹಿಂದಿನ ಸ್ವರ ಉದ್ದ, ಟ ಬಂದ್ರೆ ಮೊಟಕು. ಹಾರ್ಡ್‌ನಲ್ಲಿ ‘ಆ’ ಎಳೀಬೇಕು, ಹಾರ್ಟ್‌ನಲ್ಲಿ ಬೇಗ ಕತ್ತರಿಸಬೇಕು.

ಪೀಣ್ಯಲೇತ್:
ಕಬ್ಬಿಣದ ಕೆಲಸದಲ್ಲಿ ಹಾರ್ಡ್ ಅಂದ್ರೆ ಒತ್ತಿದ್ರೆ ತಗ್ಗು ಬೀಳದೆ, ಗೀಚಿದ್ರೆ ಗೀರು ಬೀಳದೆ ಇರೋದು. ಸ್ಟ್ರಾಂಗ್, ಅಂದ್ರೆ ಹೆಚ್ಚು ಭಾರ ತಾಳೋದು, ಬೇರೆ. ಟಫ್, ಅಂದ್ರೆ ಏಟು ತಾಳೋದು, ಬೇರೆ. ಗಾಜು ಹಾರ್ಡ್, ಆದ್ರೆ ಬಿದ್ರೆ ಚೂರು. ಮೈಲ್ಡ್ ಸ್ಟೀಲ್ ಅಷ್ಟು ಹಾರ್ಡ್ ಅಲ್ಲ, ಆದ್ರೆ ಟಫ್. ಸುತ್ತಿಗೆ ಏಟಿಗೆ ಬಾಗುತ್ತೆ, ಒಡೆಯಲ್ಲ. ಇವು ಮೂರನ್ನೂ ‘ಗಟ್ಟಿ’ ಅಂತ ಬರೆದ್ರೆ ಐಟಿಐಗೆ ಬಂದ ಹುಡುಗ ಮೊದಲ ದಿನವೇ ಗೊಂದಲಕ್ಕೆ ಬೀಳ್ತಾನೆ.

ಹಾರ್ಡನಿಂಗ್ ಎಲ್ಲ ಕಬ್ಬಿಣಕ್ಕೂ ಆಗಲ್ಲ. ಕಾರ್ಬನ್ ಶೇಕಡಾ 0.25ಕ್ಕಿಂತ ಕಡಿಮೆ ಇರೋ ಮೈಲ್ಡ್ ಸ್ಟೀಲನ್ನ ಎಷ್ಟೇ ಕಾಯಿಸಿ ನೀರಿಗೆ ಅದ್ದಿದ್ರೂ ಹೇಳಿಕೊಳ್ಳೋ ಹಾಗೆ ಹಾರ್ಡ್ ಆಗಲ್ಲ. ಮೇಲ್ಮೈಗೆ ಕಾರ್ಬನ್ ಹೀರಿಸಿ ಕೇಸ್ ಹಾರ್ಡನಿಂಗ್ ಮಾಡಬೇಕು. ಇಎನ್ 8 ಅನ್ನೋ ದರ್ಜೆಯ ಉಕ್ಕಾದ್ರೆ ಕಾರ್ಬನ್ 0.4 ಸುಮಾರು, 830ರಿಂದ 860 ಡಿಗ್ರಿಗೆ ಕಾಯಿಸಿ ಎಣ್ಣೆಗೋ ನೀರಿಗೋ ಅದ್ದಿದ್ರೆ ಹಾರ್ಡ್ ಆಗುತ್ತೆ. ಅಲ್ಲಿಗೇ ನಿಲ್ಲಿಸಿದ್ರೆ ಚಾಣದ ತುದಿ ಮೊದಲ ಏಟಿಗೇ ಚಕ್ಕೆ ಹಾರುತ್ತೆ. ಟೆಂಪರ್, ಅಂದ್ರೆ ಕಡಿಮೆ ಕಾವಿಗೆ ಮತ್ತೆ ಕಾಯಿಸೋದು, ಮಾಡಲೇಬೇಕು. ತುದಿಯನ್ನ ಉಜ್ಜಿ ಹೊಳಪು ಮಾಡಿ ನಿಧಾನ ಕಾಯಿಸಿದ್ರೆ ಬಣ್ಣ ಓಡುತ್ತೆ: ಒಣಹುಲ್ಲಿನ ಹಳದಿ 230 ಡಿಗ್ರಿ ಸುಮಾರಿಗೆ, ನೇರಳೆ 280ಕ್ಕೆ, ನೀಲಿ 300ಕ್ಕೆ. ಕಬ್ಬಿಣ ಕಡಿಯೋ ಚಾಣಕ್ಕೆ ನೇರಳೆ ಬಂದಾಗ ನಿಲ್ಲಿಸಬೇಕು. ಹಳ್ಳಿ ಕಮ್ಮಾರರು ಕುಡುಗೋಲಿಗೆ ಹದ ಹಾಕೋದು ಇದೇ ಕಣ್ಣಳತೆಯಲ್ಲಿ.

ಅಳತೆಗೆ ರಾಕ್‌ವೆಲ್ ಸಿ: 120 ಡಿಗ್ರಿ ಕೋನದ ವಜ್ರದ ಮೊನೆ, ಮೊದಲು 10 ಕಿಲೋ ಭಾರ, ಆಮೇಲೆ ಒಟ್ಟು 150, ಮೊನೆ ಎಷ್ಟು ಆಳ ಇಳೀತು ಅಂತ ನೋಡೋದು. ಮೈಲ್ಡ್ ಸ್ಟೀಲನ್ನ ಸಿ ಸ್ಕೇಲಲ್ಲಿ ಅಳೀಬೇಡಿ, 20ರ ಕೆಳಗಿನ ಅಂಕಿಗೆ ಅರ್ಥ ಇಲ್ಲ. ಅದಕ್ಕೆ ಗುಂಡು ಒತ್ತೋ ಬಿ ಸ್ಕೇಲ್.

ಪದಜಾಡು:
ಸಿಮೆಂಟಿನಲ್ಲೂ ಇಂಥದ್ದೇ ಒಂದು ಜೋಡಿ ಇದೆ. ಸೆಟ್ ಆಗೋದು ಬೇರೆ, ಹಾರ್ಡನ್ ಆಗೋದು ಬೇರೆ. ಮಾಮೂಲಿ ಪೋರ್ಟ್‌ಲ್ಯಾಂಡ್ ಸಿಮೆಂಟು 30 ನಿಮಿಷಕ್ಕೆ ಮುಂಚೆ ಬಿಗಿಯೋಕೆ ಶುರುವಾಗಬಾರದು, 600 ನಿಮಿಷದೊಳಗೆ ಪೂರ್ತಿ ಬಿಗೀಬೇಕು. ಅದು ಸೆಟ್ಟಿಂಗ್. ಬಲ ಬರೋದು ಹಾರ್ಡನಿಂಗಲ್ಲಿ, ಅದು ವಾರಗಟ್ಟಲೆ ನಡೆಯುತ್ತೆ. ಅದಕ್ಕೇ ಅಚ್ಚು ಹಾಕಿದ ತುಂಡನ್ನ ಒತ್ತಿ ಒಡೆದು ಬಲ ನೋಡೋ ಕ್ಯೂಬ್ ಪರೀಕ್ಷೆ 28ನೇ ದಿನ. ಸೆಟ್ ಆಯ್ತು ಅಂತ ಎರಡೇ ದಿನಕ್ಕೆ ನೀರುಣಿಸೋದು ಬಿಟ್ರೆ ಮೇಲ್ಮೈ ಪುಡಿ ಉದುರುತ್ತೆ. ಕನಿಷ್ಠ 7 ದಿನ, ಹಾರುಬೂದಿ ಬೆರೆತ ಸಿಮೆಂಟಾದ್ರೆ 10 ದಿನ.

ಬೆಸುಗೆ:
ಚಿನ್ನ ಬೆಳ್ಳಿ ಕೆಲಸದಲ್ಲಿ ಹಾರ್ಡ್ ಸೋಲ್ಡರ್ ಅಂದ್ರೆ ಗಟ್ಟಿ ಬೆಸುಗೆ ಅಂತ ಅಲ್ಲ, ಹೆಚ್ಚು ಕಾವಿಗೆ ಕರಗೋ ಬೆಸುಗೆ ಅಂತ. ಅಕ್ಕಸಾಲಿಗರಲ್ಲಿ ಎದುರಿನ ಪದ ಸಾಫ್ಟ್ ಅಲ್ಲ, ಈಸಿ: ಹಾರ್ಡ್, ಮೀಡಿಯಂ, ಈಸಿ ಅಂತ ಮೂರು ದರ್ಜೆ. ಒಂದೇ ಒಡವೆಗೆ ಹಲವು ಬೆಸುಗೆ ಬೇಕಾದ್ರೆ ಮೊದಲನೇದಕ್ಕೆ ಹಾರ್ಡ್, ಆಮೇಲೆ ಮೀಡಿಯಂ, ಕೊನೆಗೆ ಈಸಿ. ಕ್ರಮ ತಪ್ಪಿದ್ರೆ ಎರಡನೇ ಬೆಸುಗೆ ಕಾಯಿಸುವಾಗ ಮೊದಲನೇದು ಬಿಟ್ಕೊಳ್ಳುತ್ತೆ. ಕಂಪ್ಯೂಟರ್ ಬೋರ್ಡಿಗೆ ಬಳಸೋ ತವರದ ಬೆಸುಗೆ ಸಾಫ್ಟ್ ಸೋಲ್ಡರ್, 450 ಡಿಗ್ರಿಯೊಳಗೆ ಕರಗೋದು.

ಬಿಳಿಹಾಳೆ:
ಇದು ಗೊತ್ತೇ ಇರಲಿಲ್ಲ. ಎದುರಿನ ಪದ ಹುಡುಕೋ ಅಭ್ಯಾಸಕ್ಕೆ ಚೆನ್ನಾಗಿ ಹೊಂದುತ್ತೆ. ಹಾರ್ಡ್ ಡಿಸ್ಕ್ ಬಗ್ಗೆ?

ಎಸ್ಪಿರೋಡ್:
1956ರಲ್ಲಿ ಮೊದಲ ಹಾರ್ಡ್ ಡಿಸ್ಕ್ ಡ್ರೈವ್ ಐಬಿಎಂ 350 ಬಂತು, 24 ಇಂಚಿನ 50 ಲೋಹದ ತಟ್ಟೆಗಳು, ಸುಮಾರು 50 ಲಕ್ಷ ಅಕ್ಷರ ಹಿಡೀತಿತ್ತು. ಬಾಗೋ ಪ್ಲಾಸ್ಟಿಕ್ಕಿನ ಫ್ಲಾಪಿ ಬಂದದ್ದು 1971ರಲ್ಲಿ. ಫ್ಲಾಪಿಯ ಪಕ್ಕ ಬಾಗದ ತಟ್ಟೆ ಹಾರ್ಡ್. ಗಟ್ಟಿಮುಟ್ಟು ಅಂತ ಅಲ್ಲ, ಓಡ್ತಿರುವಾಗ ಕೆಡವಿದ್ರೆ ಡೇಟಾ ಓದೋ ಹೆಡ್ಡು ತಟ್ಟೆಗೆ ತಗುಲಿ ಡೇಟಾ ಹೋಗುತ್ತೆ. ಈಗ ಅಂಗಡಿಯಲ್ಲಿ ‘ಎಸ್‌ಎಸ್‌ಡಿ ಹಾರ್ಡ್ ಡಿಸ್ಕ್’ ಅಂತಾರೆ, ಅದು ತಪ್ಪು ಮಾತು. ಅದರೊಳಗೆ ತಿರುಗೋ ತಟ್ಟೆನೇ ಇಲ್ಲ, ಚಿಪ್ ಮಾತ್ರ.

ಕೊನೇಬೆಂಚು:
ಎಲ್ಲರೂ ಹಾಗೇ ಅಂತಾರಲ್ಲ, ಅರ್ಥ ಆದ್ರೆ ಸಾಲದಾ?

ಎಸ್ಪಿರೋಡ್:
ಕೊಳ್ಳುವಾಗ ಸಾಲದು. ‘1 ಟಿಬಿ ಹಾರ್ಡ್ ಡಿಸ್ಕ್’ ಅಂತ ಬರೆದಿದ್ರೆ ಹಳೇ ತಿರುಗೋ ಡ್ರೈವೋ ಎಸ್‌ಎಸ್‌ಡಿಯೋ ಗೊತ್ತಾಗಲ್ಲ, ಬೆಲೆಯೂ ವೇಗವೂ ಪೂರ್ತಿ ಬೇರೆ. ಬಿಲ್ಲಲ್ಲಿ ಎಚ್‌ಡಿಡಿ ಅಥವಾ ಎಸ್‌ಎಸ್‌ಡಿ ಅಂತ ಬರೆಸ್ಕೊಳ್ಳಿ.

ಪದಜಾಡು:
ಸ್ವಲ್ಪ ಪಕ್ಕದ ಮಾತು. ಹಾರ್ಡ್‌ನ ಹಳೇ ಅರ್ಥದಲ್ಲಿ ಬಲ, ಧೈರ್ಯ ಎರಡೂ ಇದ್ದವು. ರಿಚರ್ಡ್, ಬರ್ನಾರ್ಡ್, ಲಿಯೊನಾರ್ಡ್ ಹೆಸರುಗಳ ಕೊನೆಯಲ್ಲಿರೋದು ಇದೇ ಪದ. ಬರ್ನಾರ್ಡ್ ಅಂದ್ರೆ ಕರಡಿಯಷ್ಟು ಗಟ್ಟಿಗ. ಡೆಮಾಕ್ರಸಿಯ ‘ಕ್ರಸಿ’, ಅಂದ್ರೆ ಗ್ರೀಕಿನ ಕ್ರಾಟೋಸ್, ಇದೇ ಬೇರಿನದು. ‘ಹಾರ್ಡ್ ಅಂಡ್ ಫಾಸ್ಟ್’ ಅನ್ನೋದನ್ನ ಗಟ್ಟಿ ಮತ್ತು ವೇಗ ಅಂತ ಅನುವಾದ ಮಾಡಿರೋದೂ ಉಂಟು. ಅದು ಮರಳಲ್ಲಿ ಹೂತು ಅಲುಗಾಡದೆ ನಿಂತ ಹಡಗಿನ ಮಾತು. ಅಲ್ಲಿ ಫಾಸ್ಟ್ ಅಂದ್ರೆ ಕಚ್ಚಿಕೊಂಡಿರೋದು. ಹಾಗಾಗಿ ಹಾರ್ಡ್ ಅಂಡ್ ಫಾಸ್ಟ್ ರೂಲ್ ಅಂದ್ರೆ ಕದಲಿಸಲಾಗದ ನಿಯಮ.

ವಾಕ್ಯಶೋಧ:
ಕೋರ್ಟಿನ ಒಂದನ್ನೂ ಸೇರಿಸಿ. ಪತ್ರಿಕೆಯಲ್ಲಿ ಬರೋ ‘ಕಠಿಣ ಸಜೆ’ ರಿಗರಸ್ ಇಂಪ್ರಿಸನ್‌ಮೆಂಟ್. ಭಾರತೀಯ ನ್ಯಾಯ ಸಂಹಿತೆಯ 4ನೇ ಸೆಕ್ಷನ್ನು ಅದನ್ನ ‘ಹಾರ್ಡ್ ಲೇಬರ್ ಸಹಿತ’ ಅಂತಲೇ ಬಿಡಿಸಿ ಹೇಳುತ್ತೆ, ಹಳೇ ಐಪಿಸಿ 53ರಲ್ಲೂ ಹಾಗೇ ಇತ್ತು. ಅಂದ್ರೆ ಜೈಲು ಕಠಿಣ ಅಂತ ಅಲ್ಲ, ಅಲ್ಲಿ ಮೈಮುರಿದು ದುಡೀಬೇಕು ಅಂತ.

ಎರೆಹೊಲ:
ಗೋಧಿ ಬಿಟ್ರಲ್ರಿ. ನಮ್ಮ ವಿಜಯಪುರ, ಧಾರವಾಡ ಕಡೆ ಎರೆಭೂಮ್ಯಾಗ ಬೆಳಿಯೋ ಡ್ಯೂರಮ್ ಗೋಧಿ ಐತಲ್ರಿ, ಡ್ಯೂರಮ್ ಅಂದ್ರ ಲ್ಯಾಟಿನ್‌ದಾಗ ಹಾರ್ಡ್ ಅಂತನ ಅರ್ಥ. ಕಾಳು ಒಡದ್ರ ಹಿಟ್ಟು ಆಗೂದಕಿಂತ ರವಾ ಆಗತೈತಿ. ಆದ್ರ ಹಾರ್ಡ್ ವೀಟ್ ಅಂದ ಕೂಡ್ಲೆ ಡ್ಯೂರಮ್ ಅಂತ ತಿಳೀಬ್ಯಾಡ್ರಿ, ಬ್ರೆಡ್ಡಿನ ಗೋಧಿಯೊಳಗೂ ಹಾರ್ಡ್, ಸಾಫ್ಟ್ ಅಂತ ಎರಡ ಅದಾವು. ಬಿಸ್ಕೀಟಿಗೆ ಸಾಫ್ಟ್, ಬ್ರೆಡ್ಡಿಗೆ ಹಾರ್ಡ್.

ಬಿಳಿಹಾಳೆ:
ಎರೆಹೊಲ ಅವರೇ, ಕೃಷಿಯಲ್ಲಿ ‘ಹಾರ್ಡ್ ಸೀಡ್’ ಅಂತಲೂ ಓದಿದ ನೆನಪು. ಅದೂ ಇದೇನಾ?

ಎರೆಹೊಲ:
ಅದು ಬ್ಯಾರೆ ರೀ. ಹಾರ್ಡ್ ಸೀಡ್ ಅಂದ್ರ ಸಿಪ್ಪಿ ನೀರ ಒಳಗ ಬಿಡೂದಿಲ್ಲ. ಹುರುಳಿ ನೆನಸಿದಾಗ ನಾಕಾರು ಕಾಳು ಕಲ್ಲಿನಂಗ ಉಳಿತಾವಲ್ಲ, ಅವ. ಬೀಜ ಸತ್ತಿಲ್ಲ, ನೀರ ಹೋಗಿಲ್ಲ ಅಷ್ಟ. ‘ಹಾರ್ಡ್ ಟು ಕುಕ್’ ಅನ್ನೂದು ಮೂರನೇದ್ದು: ಕಾವು, ತೇವ ಎರಡೂ ಇರೂ ಜಾಗದಾಗ ಭಾಳ ದಿನ ಇಟ್ಟ ಕಾಳು ನೀರ ಕುಡಿತೈತಿ, ಉಬ್ಬತೈತಿ, ಆದ್ರ ಬೇಯಂಗಿಲ್ಲ. ಒಂದರಾಗ ಹಾರ್ಡ್ ಅಂದ್ರ ಗಟ್ಟಿ, ಇನ್ನೊಂದರಾಗ ಕಷ್ಟ. ಸುಬಾಬುಲ್ ಮರದ ಬೀಜ ಬಿತ್ತಾಕ ಹಾರ್ಡ್ ಸೀಡ್ ಬಿಡಸಬೇಕಂದ್ರ 80 ಡಿಗ್ರಿ ಬಿಸಿನೀರಾಗ ಮೂರ ನಾಕ ನಿಮಿಷ ಅದ್ದಿ, ತಣ್ಣೀರಾಗ ರಾತ್ರಿಯೆಲ್ಲಾ ನೆನಿ ಹಾಕ್ರಿ. ಕುದಿಯೂ ನೀರಾಗ ಭಾಳ ಹೊತ್ತು ಇಟ್ರ ಒಳಗಿನ ಮೊಳಕಿನ ಬೆಂದ ಹೋಗತೈತಿ.